ಆರು ವರ್ಷದ ಮಗಳಿಗೆ ಥೈರಾಯ್ಡ್ ತೆಗಿಬೇಕಂತ, ಸ್ಕ್ಯಾನ್ ನೋಡಿದ್ರ ನಾರ್ಮಲ್ ಐತಿ. ಏನ್ ಮಾಡ್ಬೇಕ್ರಿ?

ಸಿರುಗುಪ್ಪ ಸೊಸಿ
ಎಲ್ರಿಗೂ ನಮಸ್ಕಾರ್ರಿ. ನಾನು ಇಲ್ಲಿ ಬರೇ ಓದಾಕಿ, ಬರಿಯೋದು ಇದ ಮೊದಲ, ಉದ್ದ ಆದ್ರ ಬೇಜಾರ್ ಮಾಡ್ಕೋಬ್ಯಾಡ್ರಿ.

ನಮ್ಮನಿಯವ್ರಿಗೆ 36 ವಯಸ್ಸು. ಕುತ್ತಿಗ್ಯಾಗ ಸಣ್ಣ ಗಡ್ಡಿ ಇತ್ತು, ನೋವಿಲ್ಲ ಏನಿಲ್ಲ, ಶೇವಿಂಗ್ ಮಾಡೋವಾಗ ಕೈಗೆ ಹತ್ತಿತ್ತಂತ. ಬಳ್ಳಾರಿಗೆ ಹೋಗಿ ಸೂಜಿ ಟೆಸ್ಟ್ ಮಾಡ್ಸಿದ್ರ ಮೆಡುಲರಿ ಥೈರಾಯ್ಡ್ ಕ್ಯಾನ್ಸರ್ ಅಂತ ಬಂತು. ಬೆಂಗ್ಳೂರಾಗ ಆಪರೇಷನ್ ಆತು, ಈಗ ಆರಾಮದಾರ, ಗುಳಿಗಿ ತಗೊಂತಾರ, ಹೊಲಕ್ಕೂ ಹೋಗ್ತಾರ. ಅಲ್ಲಿಗೇ ಮುಗೀತು ಅನ್ಕೊಂಡಿದ್ವಿ. ಆದ್ರ ಅಲ್ಲಿ ಡಾಕ್ಟ್ರು ಜೀನ್ ಟೆಸ್ಟ್ ಮಾಡ್ಸ್ರಿ ಅಂದ್ರು, ಮಾಡ್ಸಿದ್ರ ರೆಟ್ ಜೀನ್ ಪಾಸಿಟಿವ್, ಕೋಡಾನ್ 634 ಅಂತ ಬರ್ದಾರ. ಆಮ್ಯಾಲ ಮಕ್ಕಳ್ದೂ ರಕ್ತ ತಗೊಂಡ್ರು. ಮಗ ಮೂರು ವರ್ಷದಾಂವ, ಅವಂದು ನೆಗೆಟಿವ್. ಮಗಳು ಆರು ವರ್ಷ, ಆಕಿದು ಪಾಸಿಟಿವ್.

ಈಗ ಡಾಕ್ಟ್ರು ಹೇಳೋದು ಏನಂದ್ರ ಆಕಿ ಥೈರಾಯ್ಡ್ ಪೂರ್ತಿ ತೆಗಿಬೇಕು, ಐದು ವರ್ಷದೊಳಗ ಆಗಬೇಕಿತ್ತು, ಇನ್ನ ತಡ ಮಾಡ್ಬ್ಯಾಡ್ರಿ ಅಂತ. ಸ್ಕ್ಯಾನಿನ್ಯಾಗ ಏನೂ ಇಲ್ರಿ! ಗಡ್ಡಿ ಇಲ್ಲ ನೋವಿಲ್ಲ, ಸಾಲಿಗೆ ಹೋಗ್ತಾಳ ಕುಣೀತಾಳ. ಕ್ಯಾಲ್ಸಿಟೋನಿನ್ ಅನ್ನೋ ರಕ್ತದ ಟೆಸ್ಟ್ ಒಂದು ಲ್ಯಾಬಿನ ರೇಂಜಿಗಿಂತ ಸ್ವಲ್ಪ ಮ್ಯಾಲ ಬಂದೈತಿ, 40 ದಾಟಿಲ್ಲ. ನಮ್ಮತ್ತಿ ಅಂತೂ ಆಟ ಆಡೋ ಕೂಸಿನ ಕುತ್ತಿಗಿಗೆ ಕತ್ತಿ ಹಾಕ್ಸ್ತೀರೇನು ಅಂತ ಊಟ ಬಿಟ್ಟು ಕುಂತಾರ. ನಮ್ಮನಿಯವ್ರು ಮಾತಾಡವಲ್ರು, ನನ್ನಿಂದ ಬಂತು ಅಂತ ಒಳಗ ಕೊರಗ್ತಾರ. ಹಿಂಗ ಮಕ್ಕಳಿಗೆ ಮಾಡ್ಸಿದೋರು ಯಾರಾದ್ರೂ ಈ ಕಡಿ ಅದಾರೇನ್ರಿ?

ಸಿಂಧನೂರು ಭತ್ತ
ಅಕ್ಕಾರ ಅಂಜಬ್ಯಾಡ್ರಿ. ಥೈರಾಯ್ಡ್ ಈಗ ಯಾರ ಮನ್ಯಾಗಿಲ್ಲ ಹೇಳ್ರಿ, ನಮ್ಮನ್ಯಾಗ ಮೂರ್ಮಂದಿಗೆ ಐತಿ, ಎಲ್ರೂ ಬೆಳಿಗ್ಗಿ ಗುಳಿಗಿ ನುಂಗಿ ಆರಾಮದಾರ. ದೊಡ್ಡ ದವಾಖಾನಿಯವ್ರು ಆಪರೇಷನ್ ಅಂದ್ರ ಮುಂದ ಇರ್ತಾರ. ಇನ್ನೊಬ್ರನ್ನ ಕೇಳ್ರಿ, ಆಯುರ್ವೇದದಾಗ ಕಾಂಚನಾರ ಗುಗ್ಗುಳ ಅಂತ ಬರ್ತೈತಿ, ಗಡ್ಡಿ ಕರಗ್ತಾವ.

ತೋರಣಗಲ್ಲು ನೈಟ್‌ಶಿಫ್ಟ್
ನಮ್ ಕಡಿ ಧೂಳಿಗೆ ಏನ್ ಬರ್ಬಾರ್ದು ಎಲ್ಲಾ ಬರಾಕತ್ತೈತಿ. ಅದಿರು ಲಾರಿ, ಸ್ಪಾಂಜ್ ಐರನ್, ನಿಮ್ ಕಡಿ ಭತ್ತಕ್ಕ ಹೊಡಿಯೋ ಎಣ್ಣಿ. ಮೊದ್ಲು ನೀರ್ ಟೆಸ್ಟ್ ಮಾಡ್ಸ್ರಿ ಅಕ್ಕ.

ಕೌಲ್‌ಬಜಾರ್ ಹುಡ್ಗ
ನಾನು ಡಾಕ್ಟ್ರು, ಬಳ್ಳಾರಿಯವನೇ, ಈಗ ಬೆಂಗ್ಳೂರಲ್ಲಿ ಸರ್ಜರಿ ಕಡೆ ಇದೀನಿ. ನಿಮ್ಮ ಪಾಪುನ ನಾನು ನೋಡಿಲ್ಲ, ಅದಕ್ಕೆ ನಿಮ್ಮ ಡಾಕ್ಟ್ರ ಮಾತೇ ಮೊದ್ಲು, ನಾನು ಹೇಳೋದು ಯಾಕೆ ಹಂಗಂದ್ರು ಅಂತ ಅರ್ಥ ಆಗ್ಲಿ ಅಂತ ಅಷ್ಟೆ.

ಮೊದ್ಲು ಸಿಂಧನೂರು ಅಣ್ಣಂಗೆ. ನಿಮ್ಮ ಮನೆ ಮೂವರಿಗೆ ಇರೋದು ಥೈರಾಯ್ಡ್ ಹಾರ್ಮೋನ್ ಕಮ್ಮಿ ಆಗೋದು ಅಣ್ಣ, ಅದಕ್ಕೂ ಇದಕ್ಕೂ ಸಂಬಂಧನೇ ಇಲ್ಲ. ಥೈರಾಯ್ಡ್ ಗ್ರಂಥಿ ಒಳಗೆ ಆ ಹಾರ್ಮೋನ್ ಮಾಡೋ ಸೆಲ್‌ಗಳ ನಡುವೆ ಸಿ ಸೆಲ್ ಅಂತ ಬೇರೆ ಜಾತಿ ಸೆಲ್ ಸ್ವಲ್ಪ ಇರ್ತಾವೆ, ಅವು ಕ್ಯಾಲ್ಸಿಟೋನಿನ್ ಬಿಡ್ತಾವೆ. ಮೆಡುಲರಿ ಕ್ಯಾನ್ಸರ್ ಹುಟ್ಟೋದು ಅಲ್ಲಿ. ಮಾಮೂಲಿ ಥೈರಾಯ್ಡ್ ಕ್ಯಾನ್ಸರಿಗೆ ಕೊಡೋ ರೇಡಿಯೋ ಅಯೋಡಿನ್ ಇದಕ್ಕೆ ಹತ್ತಲ್ಲ, ಯಾಕಂದ್ರೆ ಸಿ ಸೆಲ್ ಅಯೋಡಿನ್ ಹೀರ್ಕೊಳ್ಳಲ್ಲ. ಟೈಮಿಗೆ ಸರಿಯಾಗಿ ತೆಗೆದುಬಿಡೋದೇ ದಾರಿ. ಗುಗ್ಗುಳ ಕೊಟ್ಟು ಕಾಯೋ ವಿಷಯ ಅಲ್ಲ ಇದು, ದಯವಿಟ್ಟು.

ಧೂಳಿನ ಬಗ್ಗೆ ನೀವು ಸಿಟ್ಟಾಗೋದು ನ್ಯಾಯನೇ, ಅದಕ್ಕೆ ಬೇರೆ ಚರ್ಚೆ ಮಾಡೋಣ. ಇದು ಮಾತ್ರ ಧೂಳಿಂದ ಬಂದಿದ್ದಲ್ಲ. ಮೆಡುಲರಿ ಇರೋ ನಾಲ್ಕು ಜನದಲ್ಲಿ ಸುಮಾರು ಒಬ್ಬರಿಗೆ ಅದು ಅಪ್ಪನಿಂದನೋ ಅವ್ವನಿಂದನೋ ಬಂದಿರುತ್ತೆ. ಅದಕ್ಕೇ ಮನೆತನದಲ್ಲಿ ಯಾರಿಗೂ ಇಲ್ಲ ಅಂದ್ರೂ ಮೆಡುಲರಿ ಬಂದ ಪ್ರತಿಯೊಬ್ರಿಗೂ ರೆಟ್ ಟೆಸ್ಟ್ ಮಾಡ್ಸ್ಬೇಕು. ನಿಮ್ಮ ಡಾಕ್ಟ್ರು ಮಾಡಿಸಿದ್ದು ಸರಿ ಇದೆ.

ರೆಟ್ ಜೀನ್ ಇರೋದು 10ನೇ ಕ್ರೋಮೋಸೋಮಲ್ಲಿ, ಈ ಕಾಯಿಲೆಗೆ ಅದೇ ಕಾರಣ ಅಂತ ಗೊತ್ತಾಗಿದ್ದು 1993ರಲ್ಲಿ. ಆ ಜೀನ್ ಸೆಲ್ ಮೇಲೆ ಕೂತು ಬೆಳಿ, ಸಾಕು ನಿಲ್ಲು ಅಂತ ಹೇಳೋ ಒಂದು ಪ್ರೋಟೀನ್ ಮಾಡುತ್ತೆ. ನಮ್ಮ ಕಡೆ ಮಾತಲ್ಲಿ ಹೇಳೋದಾದ್ರೆ ಕಾಲುವೆ ತೂಬು. ಬೇಕಾದಾಗ ಎತ್ತೋದು, ಸಾಕಾದಾಗ ಇಳಿಸೋದು. 634 ಜಾಗದಲ್ಲಿ ಒಂದೇ ಒಂದು ಅಮೈನೋ ಆಸಿಡ್ ಬದಲಾದ್ರೆ ತೂಬು ಎತ್ತಿದ್ದು ಎತ್ತಿದಂಗೇ ಸಿಕ್ಕಾಕ್ಕೊಳ್ಳುತ್ತೆ. ಹುಟ್ಟಿದಾಗಿಂದ ನೀರು ಹರೀತಾನೇ ಇರುತ್ತೆ. ಸಿ ಸೆಲ್‌ಗಳು ಮೊದ್ಲು ಜಾಸ್ತಿ ಆಗ್ತಾವೆ, ಆಮೇಲೆ ಒಂದು ಕಡೆ ಕ್ಯಾನ್ಸರ್ ಆಗಿ ತಿರುಗುತ್ತೆ. ಈ ಮೊದಲ ಹಂತ ಮೈಕ್ರೋಸ್ಕೋಪಲ್ಲಿ ಮಾತ್ರ ಕಾಣೋದು, ಸ್ಕ್ಯಾನಲ್ಲಿ ಕಾಣಲ್ಲ. ಸ್ಕ್ಯಾನ್ ನಾರ್ಮಲ್ ಅಂದ್ರೆ ಏನೂ ಇಲ್ಲ ಅಂತಲ್ಲ ಅಕ್ಕ, ಕಣ್ಣಿಗೆ ಕಾಣೋಷ್ಟು ದೊಡ್ಡದಿಲ್ಲ ಅಂತ.

2015ರ ಅಮೆರಿಕನ್ ಥೈರಾಯ್ಡ್ ಅಸೋಸಿಯೇಷನ್ ಗೈಡ್‌ಲೈನ್ ಪ್ರಕಾರ 634 ಇದ್ರೆ ಐದು ವರ್ಷಕ್ಕೆ ಅಥವಾ ಅದಕ್ಕೂ ಮುಂಚೆ, ಕ್ಯಾಲ್ಸಿಟೋನಿನ್ ನೋಡ್ಕೊಂಡು. ನಿಮ್ಮ ಮಗಳದ್ದು 40 ದಾಟಿಲ್ಲ ಅಂದ್ರೆ ಅದು ಒಳ್ಳೆ ಸುದ್ದಿನೇ, ಕುತ್ತಿಗೆಯ ಲಿಂಫ್ ಗಂಟುಗಳನ್ನೂ ತೆಗೆಯೋ ದೊಡ್ಡ ಆಪರೇಷನ್ ಬೇಡಾಗಬಹುದು, ಥೈರಾಯ್ಡ್ ಒಂದು ತೆಗೆದ್ರೆ ಸಾಕಾಗಬಹುದು. ಅದನ್ನ ಸರ್ಜನ್ ಹೇಳ್ಬೇಕು.

ಮಸ್ಕಿ ಮಾಸ್ತರ
ಡಾಕ್ಟ್ರೆ ಒಂದು ಸಂದೇಹ. ಎಲ್ರಿಗೂ ಐದು ವರ್ಷ ಅಂತನಾ? ನಮ್ ಸಾಲ್ಯಾಗ ಕೆಲಸ ಮಾಡೋ ಒಬ್ರ ಮನ್ಯಾಗೂ ಇದ ರೆಟ್ ಅಂತ ಬಂದೈತಿ, ಅವರ ಮಗನಿಗೆ ಕಾಯೋಣು ಅಂದಾರ. ಇಬ್ರಲ್ಲಿ ಯಾರ ಡಾಕ್ಟ್ರು ಸರಿ?

ಕೌಲ್‌ಬಜಾರ್ ಹುಡ್ಗ
ಇಬ್ರೂ ಸರಿ ಇರಬಹುದು ಸಾರ್. ಜೀನ್ ಒಂದೇ, ಅದರಲ್ಲಿ ಕೆಟ್ಟ ಜಾಗ ಬೇರೆ ಬೇರೆ. 918 ಅಂತ ಒಂದಿದೆ, ಅದು ಮೆನ್ 2ಬಿ (ಮೆನ್ ಅಂದ್ರೆ ಒಂದಕ್ಕಿಂತ ಹೆಚ್ಚು ಹಾರ್ಮೋನ್ ಗ್ರಂಥಿಗಳಲ್ಲಿ ಗಡ್ಡೆ ಬರೋ ಜೀನಿನ ಕಾಯಿಲೆ), ಎಲ್ಲಕ್ಕಿಂತ ಜೋರು, ಹುಟ್ಟಿದ ಮೊದಲ ವರ್ಷದಲ್ಲೇ ತೆಗೀಬೇಕು ಅಂತಾರೆ. ಆ ಮಕ್ಕಳಿಗೆ ನಾಲಿಗೆ ತುಟಿ ಮೇಲೆ ಸಣ್ಣ ಗುಳ್ಳೆ ಥರ ಇರ್ತಾವೆ, ಕೈಕಾಲು ಉದ್ದ, ಮತ್ತೆ ಬಹಳಷ್ಟು ಸಲ ಅಪ್ಪ ಅವ್ವ ಇಬ್ರಿಗೂ ಇರಲ್ಲ, ಮಗುವಿನಲ್ಲೇ ಹೊಸದಾಗಿ ಬಂದಿರುತ್ತೆ. 634 ಅದಕ್ಕಿಂತ ಒಂದು ಮೆಟ್ಟಿಲು ಕೆಳಗೆ. 804 ಅಂಥವು ಇನ್ನೂ ನಿಧಾನ, ಅಂಥವ್ರಿಗೆ ಐದು ವರ್ಷದಿಂದ ಶುರು ಮಾಡಿ ಪ್ರತಿ ವರ್ಷ ಕುತ್ತಿಗೆ ಸ್ಕ್ಯಾನು ಕ್ಯಾಲ್ಸಿಟೋನಿನ್ನು ನೋಡ್ತಾ, ಏರೋಕೆ ಶುರುವಾದಾಗ ಅಥವಾ ಮನೆಯವ್ರಿಗೆ ಕಾಯೋ ತಾಳ್ಮೆ ಮುಗಿದಾಗ ಮಾಡ್ತಾರೆ. ಅದಕ್ಕೇ ರಿಪೋರ್ಟಲ್ಲಿ ಪಾಸಿಟಿವ್ ಅಂತ ಓದಿ ನಿಲ್ಲಿಸ್ಬೇಡಿ, ಯಾವ ನಂಬರ್ ಅಂತ ನೋಡಿ.

ಕೊಪ್ಪಳದಾಕಿ
ಸಿರುಗುಪ್ಪ ತಂಗಿ, ನಿನ್ನ ಪೋಸ್ಟ್ ರಾತ್ರಿ ಓದಿದೆ, ನಿದ್ದಿ ಬರಲಿಲ್ಲ. ನಾನೂ ಅಂಥ ಮನ್ಯಾಗಿನಾಕಿನ. ನಮ್ದೂ 634.

ನಮ್ಮ ಅವ್ವನ ಅವ್ವ, ಆಯಿ, ಕುತ್ತಿಗ್ಯಾಗ ಗಡ್ಡಿ ಇಟ್ಕೊಂಡ ಸತ್ತಳು. ಗಳಗಂಡ ಅಂತಿದ್ರು ಎಲ್ರೂ, ಉಪ್ಪು ಬದಲು ಮಾಡ್ರಿ ಅಂತಿದ್ರು. ಆಕಿಗೆ ದಿನಾ ಭೇದಿ ಆಗ್ತಿತ್ತು, ಅದಕ್ಕ ಹೊಟ್ಟಿ ಡಾಕ್ಟ್ರ ಹತ್ರ ಓಡಾಡಿದ್ರ ಹೊರತು ಕುತ್ತಿಗಿ ಕಡಿ ಯಾರೂ ನೋಡಲಿಲ್ಲ. ಈ ಕ್ಯಾನ್ಸರ್ ಜಾಸ್ತಿ ಆದ್ರ ಭೇದಿ ಆಗ್ತೈತಿ ಅಂತ ನನಗ ಗೊತ್ತಾಗಿದ್ದು ನನ್ನ ಆಪರೇಷನ್ ಆದ ಮ್ಯಾಲ. ಆಮ್ಯಾಲ ಅವ್ವಗ ಬಂತು. ಅವ್ವಂದು ಜೀನ್ ಟೆಸ್ಟ್ ಆದಾಗ ನನಗ 19, ನಂದೂ ಪಾಸಿಟಿವ್. ಆಗ ನಾನೂ ನಿನ್ನ ಮಗಳ ಹಂಗ ಕುಣ್ಕೊಂತ ಇದ್ದೆ, ಗಡ್ಡಿ ಇಲ್ಲ ನೋವಿಲ್ಲ. ತಗದು ನೋಡಿದ್ರ ಎರಡೂ ಕಡಿ ಕ್ಯಾನ್ಸರ್, ಕುತ್ತಿಗಿ ಗಂಟಿಗೂ ಹೋಗಿತ್ತು. ಇವತ್ತಿಗೂ ನನ್ನ ಕ್ಯಾಲ್ಸಿಟೋನಿನ್ ಸೊನ್ನಿಗೆ ಇಳಿದಿಲ್ಲ. ಬದುಕಿದೀನಿ, ಕೆಲಸಕ್ಕ ಹೋಗ್ತೀನಿ, ಆದ್ರ ಆರು ತಿಂಗಳಿಗೊಮ್ಮೆ ಆ ರಿಪೋರ್ಟ್ ಬರೋತನಕ ಊಟ ಸೇರಂಗಿಲ್ಲ.

ನನ್ನ ಮಗಗ ಐದು ತುಂಬೋದ್ರೊಳಗ ಮಾಡ್ಸಿದೆ. ಅವಂದು ತಗದು ನೋಡಿದ್ರ ಸಿ ಸೆಲ್ ಜಾಸ್ತಿ ಆಗಿದ್ವು, ಕ್ಯಾನ್ಸರ್ ಆಗಿರಲಿಲ್ಲ. ಅವನ ಕ್ಯಾಲ್ಸಿಟೋನಿನ್ ಅಳತಿಗೇ ಸಿಗಂಗಿಲ್ಲ. ನನಗೂ ಅವಗೂ ಇರೋದು ಒಂದ ಜೀನ್, ಒಂದ ನಂಬರ್. ವಯಸ್ಸು ಒಂದ ಬ್ಯಾರೆ.

ಈಗ ಕೇಳ್ತೀ ಅಂತ ಗೊತ್ತು, ಅದಕ್ಕ ನಾನ ಹೇಳ್ತೀನಿ. ಆಪರೇಷನ್ ಆದ ಮರುದಿನ ಅವನಿಗೆ ತುಟಿ ಸುತ್ತ ಜುಮುಜುಮು, ಬೆರಳು ಸೆಟದಂಗ ಆತು. ಥೈರಾಯ್ಡಿನ ಹಿಂದ ಪ್ಯಾರಾಥೈರಾಯ್ಡ್ ಅಂತ ನಾಕು ಸಣ್ಣ ಗ್ರಂಥಿ ಇರ್ತಾವ, ರಕ್ತದಾಗ ಕ್ಯಾಲ್ಸಿಯಂ ನೋಡ್ಕೊಳ್ಳೋವು, ಆಪರೇಷನ್ನಿನ್ಯಾಗ ಅವಕ್ಕ ಪೆಟ್ಟಾಗ್ತೈತಿ. ಕ್ಯಾಲ್ಸಿಯಂ ಹಾಕಿದ್ರು, ಮನಿಗೆ ಬಂದ ಮ್ಯಾಲೂ ಸಿರಪ್ ಕೊಟ್ಟೆ, ಆಮ್ಯಾಲ ನಿಧಾನ ಬಿಡಿಸಿದ್ರು. ಧ್ವನಿ ಸರಿ ಐತಿ, ಸಾಲ್ಯಾಗ ವಚನ ಹೇಳ್ತಾನ. ಕಲಿ ಕುತ್ತಿಗಿ ಮಡತ್ಯಾಗ ಕೂಡಿ ಹೋಗೈತಿ. ಆದ್ರ ಎಲ್ರಿಗೂ ಹಿಂಗ ಸಲೀಸ ಆಗ್ತೈತಿ ಅಂತ ನಾನು ಬರ್ಕೊಡಂಗಿಲ್ಲ. ಕೆಲವ್ರಿಗೆ ಜೀವನಪೂರ್ತಿ ಕ್ಯಾಲ್ಸಿಯಂ ನುಂಗೋದು ಬೀಳ್ತೈತಿ. ಅದಕ್ಕ ಮಕ್ಕಳ ಥೈರಾಯ್ಡ್ ಬಾಳ ಮಾಡಿರೋ ಸರ್ಜನ್ ಹತ್ರ ಹೋಗು, ಹತ್ರ ಐತಿ ಅಂತ ಎಲ್ಲೋ ಮಾಡಿಸ್ಬ್ಯಾಡ. ನಾಚಗಿ ಬಿಟ್ಟು ಕೇಳು, ನೀವು ಇಷ್ಟು ಸಣ್ಣ ಮಕ್ಕಳಿಗೆ ಎಷ್ಟು ಮಾಡೀರಿ ಅಂತ. ಒಳ್ಳೆ ಸರ್ಜನ್ ಸಿಟ್ಟಾಗಂಗಿಲ್ಲ.

ಇನ್ನೊಂದು, ಇದನ್ನ ಮರೀಬ್ಯಾಡ. ನಿಮ್ಮನಿಯವ್ರಿಗೆ ಬೆನ್ನ ಮ್ಯಾಲ, ಹೆಗಲ ಎಲುಬಿನ ನಡು, ವರ್ಷಗಟ್ಟಲೆ ತುರಿಕಿ ಐತೇನು? ನಮ್ಮವ್ವಗಿತ್ತು, ಮಾವಗಿತ್ತು. 634 ಮನಿಗಳಾಗ ಅದು ಬರ್ತೈತಂತ.

ಸಿರುಗುಪ್ಪ ಸೊಸಿ
ಅಕ್ಕಾ!! ಐತಿ. ಸರಿಯಾಗಿ ಅದ ಜಾಗ. ಕರ್ರಗ ಒರಟಾಗೈತಿ. ಹುಳಕಡ್ಡಿ ಅಂತ ಎಷ್ಟ್ ಟ್ಯೂಬ್ ಹಚ್ಚೀವಿ, ಕಡಿಮಿ ಆಗಿಲ್ಲ. ನಾದಿನಿಗೂ ಐತಿ, ಆಕಿ ಬಾಚಣಿಗಿ ತಗೊಂಡು ಕೆರ್ಕೊಂತಾಳ ನಾವು ನಗ್ತೀವಿ 😔

ಮತ್ತ ನಮ್ಮ ಮಾವನೋರದೊಂದು. ಅವ್ರು ಹೋಗಿ ಬಾಳ ವರ್ಷ ಆತು, ನನ್ನ ಮದುವಿಗಿಂತ ಮೊದ್ಲ. ಹರ್ನಿಯಾ ಆಪರೇಷನ್ನಿಗೆ ಮಲಗಿಸಿದಾಗ ಬಿಪಿ ಏರಿ ಟೇಬಲ್ ಮ್ಯಾಲ ತೀರ್ಕೊಂಡ್ರಂತ. ಇಂಜೆಕ್ಷನ್ ಹೆಚ್ಚು ಕಡಿಮಿ ಆತು ಅಂತ ಜಗಳ ಆಗಿತ್ತಂತ. ಅತ್ತಿ ಆಪರೇಷನ್ ಅಂದ ಕೂಡ್ಲೇ ಹಂಗ ಆಡೋದು ಅದಕ್ಕ. ಇದಕ್ಕೂ ಅದಕ್ಕೂ ಏನಾರ ಸಂಬಂಧ ಐತೇನ್ರಿ?

ಕೌಲ್‌ಬಜಾರ್ ಹುಡ್ಗ
ಇಷ್ಟು ವರ್ಷ ಆದ್ಮೇಲೆ, ರಿಪೋರ್ಟ್ ಏನೂ ಇಲ್ಲದೆ, ಹೌದು ಅಂತ ನಾನು ಹೇಳಿದ್ರೆ ತಪ್ಪಾಗುತ್ತೆ. ಟೇಬಲ್ ಮೇಲೆ ಬಿಪಿ ಏರೋಕೆ ಬೇರೆ ಕಾರಣನೂ ಇರ್ತಾವೆ. ಆದ್ರೆ ನಿಮ್ಮ ಮನೆತನದಲ್ಲಿ ಆ ಪ್ರಶ್ನೆ ಕೇಳಲೇಬೇಕು, ಅದಕ್ಕೆ ಫಿಯೋ ಬಗ್ಗೆ ಹೇಳ್ತೀನಿ.

ಫಿಯೋಕ್ರೋಮೋಸೈಟೋಮಾ ಅಂತ, ಕಿಡ್ನಿ ಮೇಲಿರೋ ಅಡ್ರಿನಲ್ ಗ್ರಂಥಿಯಲ್ಲಿ ಬರೋ ಗಡ್ಡೆ. ಥೈರಾಯ್ಡ್ ಕ್ಯಾನ್ಸರೂ ಈ ಗಡ್ಡೆನೂ ಒಂದೇ ಮನುಷ್ಯನಲ್ಲಿ ಸೇರಿ ಬರ್ತಾವೆ ಅಂತ 1961ರಲ್ಲಿ ಸಿಪಲ್ ಅನ್ನೋ ಅಮೆರಿಕದ ಡಾಕ್ಟ್ರು ಬರೆದಿದ್ದು, 634 ಇರೋರ ಈ ಕಾಯಿಲೆಗೆ ಮೆನ್ 2ಎ ಅಂತಾರೆ, ಹಳೇ ಪುಸ್ತಕಗಳಲ್ಲಿ ಅದಕ್ಕೆ ಸಿಪಲ್ ಸಿಂಡ್ರೋಮ್ ಅಂತಲೇ ಇರೋದು. 634 ಇರೋರಲ್ಲಿ ಸುಮಾರು ಅರ್ಧ ಜನಕ್ಕೆ ಜೀವನದಲ್ಲಿ ಯಾವಾಗಾದ್ರೂ ಬರುತ್ತೆ. ತಲೆನೋವು, ಮೈಯೆಲ್ಲಾ ಬೆವರು, ಎದೆ ಡವಡವ, ಬಿಪಿ ಒಮ್ಮೆಲೇ ಏರೋದು, ಇಷ್ಟೇ ಲಕ್ಷಣ, ಅದಕ್ಕೇ ಟೆನ್ಶನ್ ಮಾಡ್ಕೊಂಡಿದೀರಿ ಅಂತ ಕಳಿಸಿಬಿಡ್ತಾರೆ. ಅದು ಇದೆ ಅಂತ ಗೊತ್ತಿಲ್ದೆ ಅನಸ್ತೇಷಿಯಾ ಕೊಟ್ರೆ ಜೀವಕ್ಕೇ ಅಪಾಯ. ಅದಕ್ಕೆ ದೊಡ್ಡೋರಲ್ಲಿ ರೆಟ್ ಪಾಸಿಟಿವ್ ಇದ್ರೆ ಹರ್ನಿಯಾ ಆಗ್ಲಿ ಹಲ್ಲು ಆಗ್ಲಿ, ಯಾವ ಆಪರೇಷನ್ನಿಗೂ ಮುಂಚೆ ಈ ಗಡ್ಡೆ ಇದೆಯಾ ಅಂತ ನೋಡೋ ಮೆಟಾನೆಫ್ರಿನ್ ಟೆಸ್ಟ್ ಮಾಡ್ಸ್ಬೇಕು, ರಕ್ತದಲ್ಲಿ ಇಲ್ಲಾಂದ್ರೆ 24 ಗಂಟೆ ಮೂತ್ರದಲ್ಲಿ. ಗಡ್ಡೆ ಇದ್ರೆ ಮೊದ್ಲು ಅದನ್ನ ತೆಗೀತಾರೆ, ಥೈರಾಯ್ಡ್ ಆಮೇಲೆ. ಗಡ್ಡೆ ತೆಗೆಯೋಕೂ ಮುಂಚೆ ಆಲ್ಫಾ ಬ್ಲಾಕರ್ ಗುಳಿಗೆ ಕೊಟ್ಟು ಬಿಪಿ ಹದಕ್ಕೆ ತರ್ತಾರೆ. ಬೀಟಾ ಬ್ಲಾಕರ್ ಬೇಕಾದ್ರೆ ಅದಾದ್ಮೇಲೆನೇ. ಉಲ್ಟಾ ಕೊಟ್ರೆ ಬಿಪಿ ಇನ್ನೂ ಏರುತ್ತೆ.

ನಿಮ್ಮ ಮನೆಯವ್ರಿಗೆ ಆ ಟೆಸ್ಟ್ ಆಗಿತ್ತಾ?

ಸಿರುಗುಪ್ಪ ಸೊಸಿ
ಆಗಿತ್ತು, ಕ್ಯಾನಿನ್ಯಾಗ ಮೂತ್ರ ಹಿಡ್ದು ಕೊಟ್ಟಿದ್ವಿ, ನಾರ್ಮಲ್ ಬಂತು, ವರ್ಷಾ ಮಾಡ್ಸ್ಬೇಕಂತ. ಯಾಕ ಮಾಡ್ಸಿದ್ರು ಅಂತ ಇವತ್ತ ಗೊತ್ತಾತು ನೋಡ್ರಿ.

ಸಿಂಧನೂರು ಭತ್ತ
ನನಗ ಇಷ್ಟೆಲ್ಲಾ ಗೊತ್ತಿರಲಿಲ್ಲ ಡಾಕ್ಟ್ರೆ, ಗುಗ್ಗುಳದ ಮಾತು ವಾಪಸ್ ತಗೊಂಡೆ. ಆದ್ರ ಒಂದ್ ಕೇಳ್ತೀನಿ. ನಮ್ ಕಡಿ ಅಕ್ಕನ ಮಗಳು, ಅತ್ತಿ ಮಗ ಅಂತ ಒಳಗಿಂದೊಳಗ ಮಾಡ್ಕೊಂತೀವಿ. ಅದಕ್ಕ ಹಿಂಗ ಆಗೋದು ಅಂತಾರಲ್ಲ?

ಕೌಲ್‌ಬಜಾರ್ ಹುಡ್ಗ
ಅದು ಬೇರೆ ಥರದ ಕಾಯಿಲೆಗೆ ಅಣ್ಣ. ಥಲಸ್ಸೇಮಿಯಾ ಅಂಥದಕ್ಕೆ ಕೆಟ್ಟ ಜೀನ್ ಎರಡೂ ಕಡೆಯಿಂದ ಬರ್ಬೇಕು, ಒಳಸಂಬಂಧದಲ್ಲಿ ಆ ಸಾಧ್ಯತೆ ಜಾಸ್ತಿ. ಇಲ್ಲಿ ಒಂದೇ ಕಡೆಯಿಂದ ಬಂದ್ರೂ ಸಾಕು. ಅಪ್ಪನಿಗೆ ಇದ್ರೆ ಹೆಂಡ್ತಿ ದೂರದ ಗುಲ್ಬರ್ಗದವಳಾಗ್ಲಿ ಸ್ವಂತ ಅಕ್ಕನ ಮಗಳಾಗ್ಲಿ, ಪ್ರತಿ ಮಗುವಿಗೂ ಅರ್ಧಕ್ಕರ್ಧ ಸಾಧ್ಯತೆ. ಗಂಡು ಹೆಣ್ಣು ಭೇದ ಇಲ್ಲ. ಒಂದಕ್ಕೆ ಬಂತು ಅಂತ ಇನ್ನೊಂದಕ್ಕೆ ಬರಲ್ಲ ಅಂತನೂ ಇಲ್ಲ. ಹೌದು, ಇರೋ ಮನೆತನದ ಒಳಗೇ ಮತ್ತೆ ಸಂಬಂಧ ಮಾಡೋದಾದ್ರೆ ಇಬ್ರದ್ದೂ ಟೆಸ್ಟ್ ಮಾಡ್ಸ್ಕೊಳ್ಳಿ, ಅಷ್ಟು ಬುದ್ಧಿ ಬೇಕು.

ಮತ್ತೆ ಸಿರುಗುಪ್ಪ ಅಕ್ಕಂಗೆ, ನಿಮ್ಮ ಮಗಂದು ನೆಗೆಟಿವ್ ಅಲ್ವಾ, ಅವನಿಗೆ ಇನ್ನು ಕ್ಯಾಲ್ಸಿಟೋನಿನ್ನು ಸ್ಕ್ಯಾನು ಏನೂ ಬೇಡ. ಅವನ ಮಕ್ಕಳಿಗೂ ಬರಲ್ಲ.

ರಾಯಚೂರು ರಿಪೋರ್ಟ್
ನಡುವ ಬಾಯಿ ಹಾಕಿದ್ದಕ್ಕ ಕ್ಷಮಿಸ್ರಿ. ನನ್ನ ತಂಗಿಗೆ ಪದೇ ಪದೇ ಕಿಡ್ನಿ ಕಲ್ಲು, ಕ್ಯಾಲ್ಸಿಯಂ ಹೈ, ಆಮ್ಯಾಲ ತಲ್ಯಾಗ ಪಿಟ್ಯುಟರಿ ಗಡ್ಡಿ. ಹೈದರಾಬಾದಿಗೆ ಹೋಗಿ ತೋರ್ಸಿದ್ವಿ, ಮೆನ್ 1 ಅಂತ ಬಂತು. ನನಗೂ ಪಾಸಿಟಿವ್. ನನಗಿನ್ನೂ ಏನೂ ಇಲ್ಲ. ಇದನ್ನೆಲ್ಲಾ ಓದಿದ ಮ್ಯಾಲ ನಾನೂ ಮೊದ್ಲ ತೆಗಿಸಿಬಿಡ್ಲೇನು ಅನಸ್ತೈತಿ. ಏನ್ ತೆಗಿಸ್ಬೇಕು ಅಂತ ಮಾತ್ರ ಗೊತ್ತಾಗವಲ್ದು.

ಕೌಲ್‌ಬಜಾರ್ ಹುಡ್ಗ
ಹೆಸರು ಒಂದೇ ಥರ ಇದ್ರೂ ಮೆನ್ 1 ಬೇರೆ, ಜೀನೂ ಬೇರೆ, 11ನೇ ಕ್ರೋಮೋಸೋಮ್, 1997ರಲ್ಲಿ ಸಿಕ್ಕಿದ್ದು. ಅಲ್ಲಿ ಪ್ಯಾರಾಥೈರಾಯ್ಡ್, ಪ್ಯಾಂಕ್ರಿಯಾಸ್, ಪಿಟ್ಯುಟರಿ ಮೂರೂ ಕಡೆ ಬರುತ್ತೆ. ಆ ಮೂರನ್ನೂ ತೆಗೆದು ಮನುಷ್ಯ ಸುಖವಾಗಿರೋಕಾಗಲ್ಲ, ಅದಕ್ಕೇ ಏನೂ ಇಲ್ದೆ ಇದ್ದಾಗ ಮುಂಚಿತವಾಗಿ ತೆಗೆಯೋದು ಅಲ್ಲಿ ಇಲ್ಲ. ವರ್ಷ ವರ್ಷ ಕ್ಯಾಲ್ಸಿಯಂ, ಪಿಟಿಹೆಚ್ (ಪ್ಯಾರಾಥೈರಾಯ್ಡ್ ಹಾರ್ಮೋನ್), ಪ್ರೋಲ್ಯಾಕ್ಟಿನ್ (ಪಿಟ್ಯುಟರಿ ಹಾರ್ಮೋನ್) ಅಂಥ ಟೆಸ್ಟು, ಆಗಾಗ ಸ್ಕ್ಯಾನು, ಬಂದಾಗ ಬಂದ ಜಾಗಕ್ಕೆ ಚಿಕಿತ್ಸೆ. ರೆಟ್ ಇದ್ದೋರಿಗೆ ಮೊದ್ಲೇ ತೆಗೀರಿ ಅನ್ನೋಕೆ ಕಾರಣ ಮೂರು ಸೇರಿದ್ದು ನೋಡಿ: ಬರೋದು ಹತ್ರ ಹತ್ರ ಖಚಿತ, ಬರೋದು ಒಂದು ಗೊತ್ತಿರೋ ಗ್ರಂಥಿಗೆ, ಆ ಗ್ರಂಥಿ ಕೆಲಸನ ದಿನಕ್ಕೊಂದು ಅಗ್ಗದ ಗುಳಿಗೆ ಮಾಡುತ್ತೆ. ಅದೇ ರೆಟ್ ಇರೋ ಮನುಷ್ಯನ ಅಡ್ರಿನಲ್‌ನ ಯಾರೂ ಮುಂಚೆನೇ ತೆಗೆಯಲ್ಲ, ಎರಡೂ ಹೋದ್ರೆ ಸ್ಟೀರಾಯ್ಡ್ ಮೇಲೆ ಬದುಕ್ಬೇಕು, ಅದು ಇಷ್ಟು ಸುಲಭ ಅಲ್ಲ.

ಮಸ್ಕಿ ಮಾಸ್ತರ
ಹಾಲಿವುಡ್ ನಟಿ ಆಂಜೆಲಿನಾ ಜೋಲಿ 2013ರಾಗ ಎದಿ ತೆಗಿಸಿಕೊಂಡಾಗ ಪೇಪರಿನ್ಯಾಗ ಬಂದಿತ್ತಲ್ಲ, ಎದಿ ಕ್ಯಾನ್ಸರ್ ತರೋ ಬ್ರಾಕಾ ಜೀನ್ ಅಂತ. ಆಗ ನಾವು ಸ್ಟಾಫ್ ರೂಮಿನ್ಯಾಗ ಇದು ರೊಕ್ಕ ಇದ್ದೋರ ಹುಚ್ಚು ಅಂತ ಮಾತಾಡಿದ್ವಿ.

ಸಿರುಗುಪ್ಪ ತಂಗ್ಯವ್ವ, ನಾದಿನಿ ವಿಷಯ ಒಂದ್ ಮಾತು. ಆಕಿಗೆ ಮದುವಿ ಆಗೈತೇನು?

ಸಿರುಗುಪ್ಪ ಸೊಸಿ
ನಿಶ್ಚಯ ಆಗೈತ್ರಿ ಮಾಸ್ತರ. ಅಲ್ಲೇ ಸಮಸ್ಯೆ ಇರೋದು. ಮೈದುನಗ ಎರಡು ಗಂಡಮಕ್ಕಳು ಅದಾರ, ಒಂಬತ್ತು ಮತ್ತ ಹನ್ನೆರಡು. ಟೆಸ್ಟ್ ಮಾಡ್ಸ್ರಿ ಅಂದ್ರ ನಿಮ್ಮನಿ ರೋಗ ನಮ್ಮನಿಗ್ಯಾಕ ಹಚ್ತೀರಿ ಅಂತಾರ. ಅತ್ತಿ ಹೇಳೋದು, ಈ ಜೀನ್ ಅನ್ನೋ ಶಬ್ದ ಬೀಗರ ಕಿವಿಗೆ ಬಿದ್ರ ಹುಡುಗಿ ಮನ್ಯಾಗ ಉಳೀತಾಳ, ಮದುವಿ ಆಗೋತನಕ ಬಾಯಿ ಮುಚ್ಚು ಅಂತ.

ಮಸ್ಕಿ ಮಾಸ್ತರ
ಅತ್ತಿ ಮಾತಿನ್ಯಾಗ ಅರ್ಥ ಐತಿ. ಹೆಣ್ಣುಮಗು ಜೀವನದ ಪ್ರಶ್ನೆ. ಮದುವಿ ಆಗ್ಲಿ, ಆಮ್ಯಾಲ ಸಾವಕಾಶ ಟೆಸ್ಟ್ ಮಾಡ್ಸಿದ್ರಾತು. ನಿಶ್ಚಯ ಮುರಿದ್ರ ನಮ್ ಕಡಿ ಆ ಹುಡುಗಿ ಹೆಸರು ಏನಾಗ್ತೈತಿ ನಿಮಗ ಗೊತ್ತಿಲ್ಲೇನು.

ಕೊಪ್ಪಳದಾಕಿ
ಮಾಸ್ತರ, ಹೆಸರು ಉಳೀತೈತಿ, ಹುಡುಗಿ? ಬೆನ್ನ ಮ್ಯಾಲ ಆ ತುರಿಕಿ ಇರೋ ಹುಡುಗಿ ಅದು. ಒಳಗ ಫಿಯೋ ಇದ್ದು ಯಾರಿಗೂ ಗೊತ್ತಿಲ್ದ ಬಸುರಾದ್ರ ತಾಯಿ ಕೂಸು ಇಬ್ರ ಜೀವಕ್ಕೂ ಬರ್ತೈತಿ, ಹೆರಿಗಿ ಟೈಮಿನ್ಯಾಗ ಬಿಪಿ ಏರಿ ಹೋದ್ರ ಬಸುರಿ ಬಿಪಿ ಅಂತ ಬರ್ಕೊಂತಾರ ಅಷ್ಟ. ಬೀಗರಿಗೆ ಹೇಳೋದು ಬಿಡೋದು ಆಕಿ ಇಷ್ಟ, ಆಕಿ ರಕ್ತ. ಆದ್ರ ಆಕಿಗೇ ಹೇಳ್ದಂಗ ಮದುವಿ ಮಾಡಿ ಕಳ್ಸೋದು ಯಾವ ನ್ಯಾಯ? ಆಕಿಗೆ ಓದಾಕ ಬರ್ತೈತಿ, ಆಕಿ ಕೈಯಾಗ ಅಣ್ಣನ ರಿಪೋರ್ಟ್ ಕೊಡು ತಂಗಿ. ಅತ್ತಿ ಮುಂದ ಬ್ಯಾಡ, ಆಕಿ ಒಬ್ಬಾಕಿಗೇ.

ಮೈದುನಂಗೂ ನೀನು ಹೇಳ್ಬ್ಯಾಡ, ಸೊಸಿ ಮಾತು ಯಾರ್ ಕೇಳ್ತಾರ. ಡಾಕ್ಟ್ರ ಕಡಿಯಿಂದ ಪತ್ರ ಬರಿಸು. ನಮ್ಮನ್ಯಾಗ ಹಂಗ ಮಾಡಿದ್ದು. ಒಂದು ಪುಟ, ನಿಮ್ಮ ಅಣ್ಣನವರಲ್ಲಿ ಇಂಥ ನಂಬರ್ ಬಂದಿದೆ, ನಿಮಗೆ ಇರೋ ಸಾಧ್ಯತೆ ಅರ್ಧ, ಈ ಟೆಸ್ಟ್ ಮಾಡ್ಸ್ಕೊಳ್ಳಿ ಅಂತ, ದವಾಖಾನಿ ಸೀಲು. ಸೀಲು ನೋಡಿದ್ರ ನಮ್ಮ ಜನಕ್ಕ ಭಯಾನೂ ಬರ್ತೈತಿ ನಂಬಿಕಿನೂ ಬರ್ತೈತಿ.

ಕೌಲ್‌ಬಜಾರ್ ಹುಡ್ಗ
ಕೊಪ್ಪಳದ ಅಕ್ಕ ಹೇಳಿದ್ದು ನೂರಕ್ಕೆ ನೂರು. ಮೊದ್ಲು ಮೈದುನನ ಟೆಸ್ಟ್ ಆಗ್ಲಿ. ಅವ್ರದ್ದು ನೆಗೆಟಿವ್ ಬಂದ್ರೆ ಮಕ್ಕಳ ಟೆಸ್ಟೇ ಬೇಡ. ಮನೆಯಲ್ಲಿ ಯಾವ ಬದಲಾವಣೆ ಅಂತ ಗೊತ್ತಿರೋದ್ರಿಂದ ಲ್ಯಾಬಿಗೆ ಅಣ್ಣನ ರಿಪೋರ್ಟ್ ತೋರ್ಸಿ, ಪೂರ್ತಿ ಜೀನ್ ಓದೋದು ಬೇಕಿಲ್ಲ, ಅದೊಂದು ಜಾಗ ನೋಡಿದ್ರೆ ಸಾಕು, ಖರ್ಚು ಕಮ್ಮಿ.

ನಾದಿನಿಗೆ ಇದನ್ನೂ ಹೇಳಿ, ಪಾಸಿಟಿವ್ ಬಂದ್ರೂ ಮದುವೆ ಮಕ್ಕಳು ಎಲ್ಲಾ ಆಗುತ್ತೆ. ಬೇಕಂದ್ರೆ ಐವಿಎಫ್ ಮಾಡಿ ಈ ಜೀನ್ ಇಲ್ಲದ ಭ್ರೂಣ ಆರಿಸೋ ದಾರಿನೂ ಇದೆ, ದುಬಾರಿ ಅದು, ಎಲ್ರಿಗೂ ಆಗಲ್ಲ.

ತೋರಣಗಲ್ಲು ನೈಟ್‌ಶಿಫ್ಟ್
ಎಲ್ಲಿ ಮಾಡ್ಸೋದು, ರೊಕ್ಕ ಎಷ್ಟು ಅದನ್ನೂ ಹೇಳ್ರಿ ಸಾರ್. ನಮ್ಮಂಥೋರ್ಗೆ ಅದ ಮುಖ್ಯ.

ಕೌಲ್‌ಬಜಾರ್ ಹುಡ್ಗ
ರೇಟು ಲ್ಯಾಬಿಂದ ಲ್ಯಾಬಿಗೆ ಬದಲಾಗುತ್ತೆ, ಇಲ್ಲಿ ನಂಬರ್ ಹಾಕಲ್ಲ. ಬೆಂಗ್ಳೂರಲ್ಲಿ ಸರ್ಕಾರದ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ ಇದೆ. ಎಂಡೋಕ್ರೈನ್ ಸರ್ಜರಿಗೇ, ಅಂದ್ರೆ ಹಾರ್ಮೋನ್ ಗ್ರಂಥಿಗಳ ಆಪರೇಷನ್ನಿಗೇ, ಬೇರೆ ಡಿಪಾರ್ಟ್‌ಮೆಂಟ್ ವೆಲ್ಲೂರು ಸಿಎಂಸಿಯಲ್ಲೂ ಲಖನೌ ಎಸ್‌ಜಿಪಿಜಿಐನಲ್ಲೂ ಇದೆ. ವೆಲ್ಲೂರಾದ್ರೆ ಗುಂತಕಲ್‌ಗೆ ಹೋಗಿ ಕಾಟ್ಪಾಡಿ ರೈಲು. ಬಿಪಿಎಲ್ ಕಾರ್ಡ್ ಇದ್ರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ ಕುಟುಂಬಕ್ಕೆ 5 ಲಕ್ಷದವರೆಗೂ ಇದೆ. ಮೊದ್ಲು ಬಳ್ಳಾರಿ ವಿಮ್ಸ್ (ಈಗ ಬಿಎಂಸಿಆರ್‌ಸಿ ಅಂತ ಹೆಸರು), ರಾಯಚೂರು ರಿಮ್ಸ್ ಅಂಥ ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಿ ಅಲ್ಲಿಂದ ರೆಫರಲ್ ಬರೆಸ್ಕೊಂಡು ಹೋಗಿ, ಆಸ್ಪತ್ರೆಯಲ್ಲಿ ಸ್ಕೀಮಿನ ಕೆಲಸ ನೋಡೋ ಆರೋಗ್ಯಮಿತ್ರನ್ನ ಹಿಡ್ಕೊಳ್ಳಿ. ಯಾವುದು ಸ್ಕೀಮಲ್ಲಿ ಬರುತ್ತೆ ಯಾವುದು ಕೈಯಿಂದ ಅಂತ ಅಡ್ಮಿಟ್ ಆಗೋ ಮುಂಚೆ ಕೇಳಿ.

ಗಂಗಾವತಿ ಮೆಡಿಕಲ್ಸ್
ನಾನು ಔಷಧಿ ಅಂಗಡಿಯವ. ದಿನಾ ನೋಡೋದ್ರಿಂದ ಹೇಳ್ತೀನಿ. ಥೈರಾಯ್ಡ್ ಗುಳಿಗಿ ಥೈರೋನಾರ್ಮ್ ಆಗ್ಲಿ ಎಲ್ಟ್ರಾಕ್ಸಿನ್ ಆಗ್ಲಿ, ಬರೇ ಹೊಟ್ಟ್ಯಾಗ ನೀರಿನ ಜೊತಿ ಕೊಡ್ರಿ, ಅರ್ಧ ತಾಸಾದ್ರೂ ಬಿಟ್ಟು ಹಾಲು ತಿಂಡಿ. ಆಪರೇಷನ್ ಆದೋರು ಕ್ಯಾಲ್ಸಿಯಂ ಗುಳಿಗಿನೂ ತಗೊಂತಾರಲ್ಲ, ಎರಡನ್ನೂ ಕೂಡಿ ನುಂಗಿದ್ರ ಥೈರಾಯ್ಡ್ ಗುಳಿಗಿ ಮೈಗೆ ಹತ್ತಂಗಿಲ್ಲ, ನಾಕು ತಾಸು ಅಂತರ ಬೇಕು. ಕಬ್ಬಿಣದ ಗುಳಿಗಿಗೂ ಅದ. ಬ್ರ್ಯಾಂಡ್ ಪದೇ ಪದೇ ಬದಲ್ ಮಾಡ್ಬ್ಯಾಡ್ರಿ. ಡಬ್ಬಿ ಬಿಸಿಲಿಗೆ ಇಡ್ಬ್ಯಾಡ್ರಿ, ನಮ್ ಕಡಿ ಬ್ಯಾಸಿಗಿ ಗೊತ್ತಲ್ಲ, ತಗಡಿನ ಮನ್ಯಾಗ ಟಿವಿ ಮ್ಯಾಲಿಟ್ಟ ಡಬ್ಬಿ ಕೈಗೆ ಸುಡ್ತಿರ್ತೈತಿ.

ಕೌಲ್‌ಬಜಾರ್ ಹುಡ್ಗ
ಚೆನ್ನಾಗಿ ಹೇಳಿದ್ರಿ. ಎರಡು ಸೇರಿಸ್ತೀನಿ. ಮಕ್ಕಳು ಬೆಳೆದಂಗೆ ತೂಕ ನೋಡಿ ಡೋಸ್ ಬದಲಾಗುತ್ತೆ, ಟಿಎಸ್‌ಹೆಚ್ ಅನ್ನೋ ರಕ್ತದ ಟೆಸ್ಟ್ ಮಾಡ್ಸ್ತಾ ಇರ್ಬೇಕು. ಮತ್ತೆ ಕ್ಯಾಲ್ಸಿಟೋನಿನ್ ಕೊಡೋಕೆ ಹೋಗೋ ದೊಡ್ಡೋರು, ನೀವು ಗ್ಯಾಸ್ಟ್ರಿಕ್ಕಿಗೆ ಅಂತ ದಿನಾ ಪ್ಯಾಂಟೋಪ್ರಜೋಲ್ ನುಂಗ್ತಿದ್ರೆ ಡಾಕ್ಟ್ರಿಗೆ ಹೇಳಿ, ಅದರಿಂದನೂ ಕ್ಯಾಲ್ಸಿಟೋನಿನ್ ಸ್ವಲ್ಪ ಏರುತ್ತೆ, ಸುಮ್ನೆ ಗಾಬರಿ ಆಗ್ತೀರಿ.

ಸಿರುಗುಪ್ಪ ಸೊಸಿ
ಅಪ್ಡೇಟ್ ಕೊಡೋದು ತಡ ಆತು, ಕೇಳಿ ಕೇಳಿ ಮೆಸೇಜ್ ಮಾಡಿದೋರಿಗೆಲ್ಲಾ ಥ್ಯಾಂಕ್ಸ್ ರೀ. ಮಗಳಿಗೆ ಆಪರೇಷನ್ ಆತು. ಕೊಪ್ಪಳದ ಅಕ್ಕ ಹೇಳಿದಂಗ ಸರ್ಜನ್ನಿಗೆ ಬಾಯಿಬಿಟ್ಟು ಕೇಳಿದೆ, ನಕ್ಕು ಕುಂದರಿಸಿ ಎಲ್ಲಾ ಹೇಳಿದ್ರು. ಥೈರಾಯ್ಡ್ ಅಷ್ಟ ತಗದಾರ, ಒಂದು ಪ್ಯಾರಾಥೈರಾಯ್ಡ್ ರಕ್ತ ಸಾಲದಂಗಾಗಿತ್ತಂತ, ಅದನ್ನ ಅಲ್ಲೇ ಕುತ್ತಿಗಿ ಮಾಂಸದಾಗ ನೆಟ್ಟಾರ. ಕೈ ಜುಮುಜುಮು ಅಂತ ಅತ್ಲು, ಕ್ಯಾಲ್ಸಿಯಂ ಕೊಟ್ರು. ಇನ್ನೂ ಸಿರಪ್ ನಡದೈತಿ, ಕಡಿಮಿ ಮಾಡ್ಕೊಂತ ಬರಾಕತ್ತಾರ. ಧ್ವನಿ ಸ್ವಲ್ಪ ದಿನ ಕಟ್ಟಿದಂಗಿತ್ತು, ಈಗ ಮೊದ್ಲಿನಂಗ ಜೋರ ಮಾಡ್ತಾಳ.

ಬಯಾಪ್ಸಿ ಬಂತು. ಬಲಗಡಿ ಎರಡು ಮಿಲಿಮೀಟರಿನ ಕ್ಯಾನ್ಸರ್ ಇತ್ತು. ಸ್ಕ್ಯಾನಿನ್ಯಾಗ ಕಾಣ್ದ ಇದ್ದದ್ದು. ಹೊರಗ ಹೋಗಿರಲಿಲ್ಲ. ಆಪರೇಷನ್ ಆದ ಮ್ಯಾಲ ಕ್ಯಾಲ್ಸಿಟೋನಿನ್ ಅಳತಿಗೆ ಸಿಗಲಿಲ್ಲ. ಅತ್ತಿಗೆ ರಿಪೋರ್ಟ್ ಓದಿ ಹೇಳಿದ್ವಿ, ಏನೂ ಅನ್ನಲಿಲ್ಲ, ಆದ್ರ ದಿನಾ ಬೆಳಿಗ್ಗಿ ಗುಳಿಗಿ ಕೊಡೋ ಕೆಲಸ ತಾವ ಇಟ್ಕೊಂಡಾರ, ನನ್ನ ಕೈಗೆ ಡಬ್ಬಿ ಕೊಡವಲ್ರು.

ನಾದಿನಿ ಕೈಯಾಗ ರಿಪೋರ್ಟ್ ಕೊಟ್ಟೆ. ಓದಿದ್ಲು. ಮದುವಿ ಆದ ಮ್ಯಾಲ ನೋಡೋಣು ವೈನಿ ಅಂದ್ಲು. ನನಗ ಸಿಟ್ಟು ಬಂತು, ಆದ್ರ ಬೈಲಿಲ್ಲ. ಮೆಟಾನೆಫ್ರಿನ್ ಒಂದಾದ್ರೂ ಮಾಡ್ಸ್ಕೋ, ಅದಕ್ಕ ಜೀನ್ ಅಂತ ಹೆಸರಿಲ್ಲ, ಬಿಪಿ ಟೆಸ್ಟ್ ಅಂದ್ರಾತು ಅಂದೆ. ಅದಕ್ಕ ಹ್ಞೂಂ ಅಂದಾಳ, ಮಾಡ್ಸಿಲ್ಲ ಇನ್ನ.

ಕೊಪ್ಪಳದಾಕಿ
ಬಿಡಬ್ಯಾಡ ಆಕಿನ್ನ. ಬೇಕಂದ್ರ ನನ್ನ ಜೊತಿ ಮಾತಾಡಸು.

ಸಿರುಗುಪ್ಪ ನೆಗೆಣ್ಣಿ
ನಾನು ಮ್ಯಾಲಿನ ಅಕ್ಕನ ನೆಗೆಣ್ಣಿ, ಅವ್ರ ಮೈದುನನ ಹೆಂಡ್ತಿ. ಈ ಪೋಸ್ಟ್ ನನಗೆ ಬ್ಯಾರೆ ಯಾರೋ ಕಳ್ಸಿದ್ರು, ನಮ್ಮನಿ ಕಥಿ ಅಂತ ಎರಡನೇ ಸಾಲಿಗೇ ಗೊತ್ತಾತು. ಪತ್ರ ಬಂದ ಮ್ಯಾಲ ನಮ್ಮನಿಯವ್ರು ಸುಮ್ನ ಹೋಗಿ ಟೆಸ್ಟ್ ಮಾಡ್ಸ್ಕೊಂಡಾರ, ಪಾಸಿಟಿವ್. ಮಕ್ಕಳ್ದೂ ಮಾಡ್ಸಿದ್ವಿ. ಸಣ್ಣಾಂವಂದು ಒಂಬತ್ತು ವರ್ಷ, ನೆಗೆಟಿವ್. ದೊಡ್ಡಾಂವಂದು ಹನ್ನೆರಡು, ಪಾಸಿಟಿವ್. ಆಪರೇಷನ್ನಿಗೆ ಡೇಟ್ ತಗೊಳ್ಳಾಕ ಹೊಂಟೀವಿ. ಡಾಕ್ಟ್ರೆ, ತಂಗಿಗೆ ಮಾಡಿದಂಗ ಸೀದಾ ಥೈರಾಯ್ಡ್ ತೆಗೀತಾರೇನು? ನಮ್ಮನಿಯವ್ರಿಗೆ ಈಗ ಏನ್ ಮಾಡ್ಸೋದು?

ಕೌಲ್‌ಬಜಾರ್ ಹುಡ್ಗ
ಸೀದಾ ಬೇಡ. 634 ಇರೋ ಮಕ್ಕಳಿಗೆ ಹನ್ನೊಂದರಿಂದ ಫಿಯೋ ನೋಡೋಕೆ ಶುರು ಮಾಡ್ಬೇಕು, ನಿಮ್ಮ ಮಗ ಆ ವಯಸ್ಸು ದಾಟಿದಾನೆ. ಮೊದ್ಲು ಅಪ್ಪ ಮಗ ಇಬ್ರದ್ದೂ ಮೆಟಾನೆಫ್ರಿನ್, ಜೊತೆಗೆ ಕ್ಯಾಲ್ಸಿಟೋನಿನ್, ಸಿಇಎ (ಈ ಕ್ಯಾನ್ಸರಿಗೆ ನೋಡೋ ಇನ್ನೊಂದು ರಕ್ತದ ಟೆಸ್ಟ್), ಕ್ಯಾಲ್ಸಿಯಂ, ಕುತ್ತಿಗೆ ಸ್ಕ್ಯಾನ್. ಮೆಟಾನೆಫ್ರಿನ್ ರಕ್ತದಲ್ಲಿ ಕೊಡೋದಾದ್ರೆ ಸ್ವಲ್ಪ ಹೊತ್ತು ಮಲಗಿಸಿ ತೆಗೀಬೇಕು, ಹಿಂದಿನ ದಿನ ಕಾಫಿ, ಪ್ಯಾರಾಸಿಟಮಾಲ್ ಏನಾದ್ರೂ ತಗೊಂಡಿದ್ರೆ ಲ್ಯಾಬಿಗೆ ಹೇಳಿ. ಅದು ನಾರ್ಮಲ್ ಅಂತ ಕೈಗೆ ಬಂದ ಮೇಲೆ ಡೇಟ್ ತಗೊಳ್ಳಿ, ಮುಂಚೆ ಬೇಡ. ಮಗನ ಕ್ಯಾಲ್ಸಿಟೋನಿನ್ 40 ದಾಟಿದ್ರೆ ಕುತ್ತಿಗೆ ನಡುವಿನ ಗಂಟುಗಳನ್ನೂ ತೆಗೆಯೋ ಮಾತು ಬರುತ್ತೆ, ಗಾಬರಿ ಆಗ್ಬೇಡಿ. ಅನಸ್ತೇಷಿಯಾ ಡಾಕ್ಟ್ರಿಗೆ ರೆಟ್ ಅನ್ನೋದನ್ನ ನೀವೇ ಬಾಯಿಬಿಟ್ಟು ಹೇಳಿ, ಫೈಲಲ್ಲಿ ಇದೆ ನೋಡ್ಕೊಂತಾರೆ ಅಂತ ಬಿಡ್ಬೇಡಿ. ರಿಪೋರ್ಟ್ ಬಂದ್ರೆ ಹೆಸರು ಮುಚ್ಚಿ ಹಾಕಿ, ನೋಡ್ತೀನಿ.